ಬಂಗಾರಪೇಟೆಯಲ್ಲಿ ಶಾಸನವೇ ಇಲ್ಲವಂತೆ! ಎಐ ಏಜೆಂಟಿನ ಟೂಲ್‌ಗಳಿಗೆ ಬರೆದ ವಿವರಣೆಯನ್ನು ಒರೆಗೆ ಹಚ್ಚುವುದು ಹೇಗೆ?

ಈ ಸಲದ ಬರಹ ಕಲ್ಲಿನ ಬಗ್ಗೆ ಅಲ್ಲ, ಕಲ್ಲನ್ನು ಹುಡುಕಿಕೊಡುವ ಯಂತ್ರದ ಬಗ್ಗೆ. ಆದರೂ ಕಲ್ಲಿನಿಂದಲೇ ಶುರು ಮಾಡಬೇಕು.

ಕಳೆದ ಮಳೆಗಾಲದಲ್ಲಿ ಬಂಗಾರಪೇಟೆ ಕಡೆಯ ಒಂದು ಹಳ್ಳಿಯಿಂದ ಮೇಷ್ಟ್ರೊಬ್ಬರು ಫೋಟೋ ಕಳಿಸಿದ್ದರು. ಕೆರೆ ಏರಿಯ ಪಕ್ಕ, ಪೊದೆಯೊಳಗೆ, ಎದೆಮಟ್ಟದ ಒಂದು ಕಲ್ಲು. "ಸಾರ್, ಏರಿ ಮೇಲೆ ರಸ್ತೆ ಅಗಲ ಮಾಡ್ತಾರಂತೆ. ಈ ಕಲ್ಲು ಪುಸ್ತಕದಲ್ಲಿ ಬಂದಿದೆಯಾ ನೋಡಿ ಹೇಳ್ತೀರಾ? ಬಂದಿದ್ರೆ ಪಂಚಾಯ್ತೀಲಿ ತೋರಿಸ್ತೀನಿ" ಅಂತ ಕೇಳಿದ್ದರು. ನಾನು ದಿನಾ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವನು. ಪುಸ್ತಕ ಮನೆಯಲ್ಲಿತ್ತು, ಫೋನ್ ಕೈಯಲ್ಲಿತ್ತು. ಕೋಲಾರ ಸಂಪುಟದ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಅದನ್ನು ಹುಡುಕಲು ಒಂದು ಸಣ್ಣ ಟೂಲ್ ಬರೆದು, ಎಐ ಏಜೆಂಟ್ ಒಂದಕ್ಕೆ ಜೋಡಿಸಿಟ್ಟಿದ್ದೆ. ಹೆಮ್ಮೆಯಿಂದ ಅದನ್ನೇ ಕೇಳಿದೆ. ಉತ್ತರ ನೀಟಾಗಿ ಬಂತು: "ಬಂಗಾರಪೇಟೆ ತಾಲ್ಲೂಕಿನಲ್ಲಿ ಪ್ರಕಟಿತ ಶಾಸನಗಳು ಯಾವುವೂ ಇಲ್ಲ."

ಅದನ್ನು ಹಾಗೇ ಮೇಷ್ಟ್ರಿಗೆ ದಾಟಿಸಿದೆ. ಅವರು ಪಂಚಾಯ್ತಿಗೆ ದಾಟಿಸಿದರು.

ಭಾನುವಾರ ಏನೋ ಅನುಮಾನ ಬಂದು ಸಂಪುಟ ತೆಗೆದೆ. ಬಂಗಾರಪೇಟೆ ಶಾಸನಗಳ ಇಡೀ ಭಾಗವೇ ಅಲ್ಲಿ ಕೂತಿದೆ, ಬೌರಿಂಗ್‌ಪೇಟೆ ಅನ್ನೋ ಹೆಸರಿನಲ್ಲಿ. ನನ್ನ ಟೂಲ್‌ನೊಳಗೆ ಅದರ ಸಂಕೇತ 'ಬಿಪಿ'. ಏಜೆಂಟ್ ಕೇಳಿದ್ದು 'ಬಂಗಾರಪೇಟೆ'. ಟೂಲ್ ಕೊಟ್ಟದ್ದು ಖಾಲಿ ಪಟ್ಟಿ. ಖಾಲಿ ಪಟ್ಟಿಯನ್ನು ಏಜೆಂಟ್ "ಇಲ್ಲ" ಅಂತ ಓದಿಕೊಂಡಿತು.

ಇದರಲ್ಲಿ ಯಾರ ತಪ್ಪು? ಕೋಡ್ ಸರಿಯಾಗೇ ಇತ್ತು, ಹೇಳಿದ್ದನ್ನೇ ಮಾಡಿತು. ಏಜೆಂಟೂ ತನಗೆ ಕೊಟ್ಟ ವಿವರಣೆಯಂತೆ ನಡೆಯಿತು. ತಪ್ಪಿದ್ದದ್ದು ಆ ವಿವರಣೆಯಲ್ಲಿ, ಅದನ್ನು ಬರೆದ ನನ್ನಲ್ಲಿ.

ಏಜೆಂಟ್ ಏನನ್ನು ಓದುತ್ತದೆ?

ಈ ವಿಷಯ ಹೊಸದಾಗಿರುವ ಓದುಗರಿಗೆ ಎರಡು ಮಾತು. ಎಐ ಏಜೆಂಟ್ ಅಂದರೆ ಭಾಷಾ ಮಾದರಿಗೆ ಕೈಕಾಲು ಕೊಟ್ಟ ಹಾಗೆ. ಮಾದರಿ ತಾನೇ ಕಡತ ತೆರೆಯಲಾರದು, ಲೆಕ್ಕದ ಪ್ರೋಗ್ರಾಂ ಓಡಿಸಲಾರದು. ಆ ಕೆಲಸಕ್ಕೆ ಟೂಲ್‌ಗಳಿರುತ್ತವೆ. ಯಾವ ಟೂಲ್, ಯಾವಾಗ, ಏನು ಕೊಟ್ಟು ಕರೆಯಬೇಕು ಅನ್ನೋದನ್ನು ಮಾದರಿ ತೀರ್ಮಾನಿಸುತ್ತದೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ, ಈ ಜೋಡಣೆಗೆ ಒಂದು ಸಾಮಾನ್ಯ ಕ್ರಮ ಹಾಕಿಕೊಟ್ಟಿತು. ಅದರ ಪ್ರಕಾರ ಪ್ರತಿ ಟೂಲ್ ತನ್ನ ಬಗ್ಗೆ ಮುಖ್ಯವಾಗಿ ಮೂರು ಸಂಗತಿ ಹೇಳಿಕೊಳ್ಳುತ್ತದೆ: ತನ್ನ ಹೆಸರು, ತಾನೇನು ಮಾಡುತ್ತೇನೆಂಬ ವಿವರಣೆ, ತನಗೆ ಕೊಡಬೇಕಾದ ಮಾಹಿತಿಯ ನಮೂನೆ.

ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟಿಗೆ ಕಾಣುವುದಿಲ್ಲ. ನಮ್ಮಂಥ ಎಂಜಿನಿಯರ್ ಆದರೆ ಕೈಪಿಡಿ ಅರ್ಥವಾಗದಿದ್ದಾಗ ಕೋಡ್ ತೆಗೆದು ನೋಡ್ತಾನೆ, ಪಕ್ಕದ ಮೇಜಿನವನನ್ನು ಕೇಳ್ತಾನೆ. ಏಜೆಂಟಿಗೆ ಆ ಪಕ್ಕದ ಮೇಜಿಲ್ಲ. ಕೊಟ್ಟ ನಾಲ್ಕು ಸಾಲೇ ಅದಕ್ಕೆ ಲೋಕ. ಇದು ಶಾಸನ ಓದುವವರ ಪಾಡೇ ಅಲ್ಲವೆ? ಕಲ್ಲು ಹಾಕಿಸಿದವನು ಇಲ್ಲ, ಬರೆದವನು ಇಲ್ಲ, ಕಂಡರಿಸಿದವನು ಇಲ್ಲ. ಇರುವ ಸಾಲುಗಳಿಂದಲೇ ಎಲ್ಲ ಹೊರಡಬೇಕು. ಹಾಗಾಗಿ ಒಂದು ಶಾಸನಸಂಪುಟ ಚೆನ್ನಾಗಿದೆಯೋ ಇಲ್ಲವೋ ಎಂದು ನಾವು ನೋಡುವ ಕಣ್ಣಿನಲ್ಲೇ ಟೂಲ್‌ನ ವಿವರಣೆಯನ್ನೂ ನೋಡಬಹುದು ಅಂತ ನನಗೆ ಅನ್ನಿಸಿತು. ಐದು ಒರೆಗಳನ್ನು ಗುರುತು ಹಾಕಿಕೊಂಡೆ.

ಒರೆ 1: ಹೆಸರುಗಳೆಲ್ಲ ಬಂದಿವೆಯೆ?

ನನ್ನ ಹಳೆಯ ವಿವರಣೆ ಇಷ್ಟೇ ಇತ್ತು: "ತಾಲ್ಲೂಕಿನ ಹೆಸರು ಕೊಟ್ಟರೆ ಆ ತಾಲ್ಲೂಕಿನ ಶಾಸನಗಳ ಪಟ್ಟಿ ಕೊಡುತ್ತದೆ." ಒಂದು ಪದವೂ ಸುಳ್ಳಲ್ಲ. ಆದರೆ ಯಾವ ಕಾಲದ ತಾಲ್ಲೂಕು?

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟ, ಕೋಲಾರ ಜಿಲ್ಲೆಯದು, ಹೊರಬಂದದ್ದು 1905ರಲ್ಲಿ. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಪ್ರತಿ ತಾಲ್ಲೂಕಿಗೂ ಒಂದರಿಂದ ಸಂಖ್ಯೆ ಕೊಟ್ಟಿದ್ದಾರೆ. ಆಗ ದಫ್ತರದಲ್ಲಿ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಎಲ್. ಬಿ. ಬೌರಿಂಗ್ ಅವರಿಂದ ಬಂದದ್ದು. ಇವತ್ತು ಕೆಜಿಎಫ್ ಬೇರೆಯೇ ತಾಲ್ಲೂಕು. ಹಾಗಾಗಿ ಅಂದು 'ಬಿಪಿ' ಅಡಿಯಲ್ಲಿ ಸೇರಿದ ಕಲ್ಲು ಇಂದು ಬಂಗಾರಪೇಟೆಯಲ್ಲಿರಬಹುದು, ಕೆಜಿಎಫ್‌ನಲ್ಲೂ ಇರಬಹುದು. ಇನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿಗಳು 2007ರಿಂದ ಬೇರೆ ಜಿಲ್ಲೆ, ಪುಸ್ತಕದಲ್ಲಿ ಮಾತ್ರ ಈಗಲೂ ಕೋಲಾರವೇ. ಶಾಸನದೊಳಗಿನ ಹೆಸರುಗಳದ್ದು ಇನ್ನೊಂದು ಪದರ: ಕೋಲಾರ ಅಲ್ಲಿ ಕುವಳಾಲ, ಬೇತಮಂಗಲ ಅಲ್ಲಿ ವಿಜಯಾದಿತ್ಯಮಂಗಲ.

ಇಷ್ಟನ್ನೂ ನಾನು ಬಲ್ಲೆ. ಬಲ್ಲೆ ಅನ್ನೋದರಿಂದಲೇ ಬರೆಯಲಿಲ್ಲ. ಡಾಕ್ಯುಮೆಂಟೇಶನ್‌ನ ತಪ್ಪುಗಳು ಬಹುಪಾಲು ಇಲ್ಲೇ ಹುಟ್ಟುತ್ತವೆ. ಬರೆಯುವವನಿಗೆ ಗೊತ್ತಿರೋದು ಓದುವವನಿಗೂ ಗೊತ್ತು ಅಂದುಕೊಳ್ಳುತ್ತೇವೆ. ನಮೂನೆಯಲ್ಲಿ "ತಾಲ್ಲೂಕು: ಪಠ್ಯ" ಅಂತ ಬಿಟ್ಟರೆ ಸಾಲದು. ಒಪ್ಪುವ ಸಂಕೇತಗಳು ಯಾವುವು, ಅವುಗಳ ಇಂದಿನ ಹೆಸರೇನು, ಗಡಿ ಎಲ್ಲಿ ಬದಲಾಗಿದೆ, ಇವು ವಿವರಣೆಯಲ್ಲೇ ಇರಬೇಕು.

ಒರೆ 2: ಮಾನ ಯಾವುದು, ಲೆಕ್ಕ ಎಲ್ಲಿಂದ?

ಇನ್ನೊಂದು ಟೂಲ್ ಮಾಡಿದ್ದೆ. ಶಕವರ್ಷ ಕೊಟ್ಟರೆ ಕ್ರಿಸ್ತಶಕ ಕೊಡೋದು. ಒಳಗೆ ಇರೋದು ಎಲ್ಲರಿಗೂ ಗೊತ್ತಿರುವ ಲೆಕ್ಕ, 78 ಕೂಡಿಸೋದು. ವಿವರಣೆ: "ಶಕವರ್ಷವನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುತ್ತದೆ."

ಪರೀಕ್ಷೆಗೆ ಎಲ್ಲರೂ ಬಲ್ಲ ಒಂದು ಘಟನೆ ತಗೊಳ್ಳೋಣ. ರಕ್ಕಸತಂಗಡಿ ಕಾಳಗ ನಡೆದದ್ದು 1565ರ ಜನವರಿ. ಪಂಚಾಂಗದ ಲೆಕ್ಕದಲ್ಲಿ ಆ ತಿಂಗಳು ಇನ್ನೂ ಶಕ 1486, ರಕ್ತಾಕ್ಷಿ ಸಂವತ್ಸರ. ಹೊಸ ವರ್ಷಕ್ಕೆ ಚೈತ್ರ ಬರಬೇಕು. ನನ್ನ ಟೂಲ್‌ಗೆ 1486 ಕೊಟ್ಟರೆ 1564 ಅನ್ನುತ್ತದೆ. ಜನವರಿಯಿಂದ ಯುಗಾದಿಯವರೆಗಿನ ತಿಥಿಗಳಿಗೆ 79 ಕೂಡಿಸಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ, ಏಕೆಂದರೆ ಅದು ಮಾಸವನ್ನೇ ಕೇಳುವುದಿಲ್ಲ. ಇದರ ಮೇಲೆ ಗತವರ್ಷವೋ ವರ್ತಮಾನವರ್ಷವೋ ಅನ್ನೋ ಪ್ರಶ್ನೆ ಬೇರೆ. ಕಲ್ಲಿನಲ್ಲಿ ವರ್ತಮಾನದ ಎಣಿಕೆ ಇದ್ದರೆ ಇನ್ನೂ ಒಂದು ಕಡಿಮೆ ಮಾಡಬೇಕು.

ತಾಳೆ ನೋಡುವ ದಾರಿ ನಿಮಗೆ ಗೊತ್ತು: ಸಂವತ್ಸರದ ಹೆಸರು. ಗತ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯೋದೇ ಪ್ರಭವದಿಂದ ಎಣಿಸಿದ ಸಂಖ್ಯೆ, ಏನೂ ಉಳಿಯದಿದ್ದರೆ ಅಕ್ಷಯ. 1486ಕ್ಕೆ 12 ಸೇರಿ 1498. ಶೇಷ 58, ರಕ್ತಾಕ್ಷಿ. 2025ರ ಯುಗಾದಿಗೆ ಶುರುವಾದ ಶಕ 1947ಕ್ಕೆ ಶೇಷ 39, ವಿಶ್ವಾವಸು. ಸರಿಹೋಯಿತು. ಬಹಳ ಹಳೆಯ ಶಾಸನಗಳಿಗೆ ಮಾತ್ರ ಇದನ್ನು ಕಣ್ಣುಮುಚ್ಚಿ ಹಚ್ಚುವಂತಿಲ್ಲ.

ವಿವರಣೆಯಲ್ಲಿ ಬರಬೇಕಾದದ್ದು ಇವೇ: ಕೊಡುವ ವರ್ಷ ಗತವೆಂದು ಹಿಡಿದಿದೆ. ಮಾಸ ಕೊಡದಿದ್ದರೆ ಉತ್ತರ ಒಂದು ವರ್ಷವಲ್ಲ, ಎರಡು ವರ್ಷಗಳ ನಡುವಿನ ಅವಧಿ. ಸಂವತ್ಸರ ಕೊಟ್ಟರೆ ತಾಳೆ ನೋಡಿ ಹೇಳುತ್ತದೆ. ಒಂದು ವರ್ಷದ ವ್ಯತ್ಯಾಸ ತಾನೇ ಅಂತ ಬಿಡಬೇಡಿ. ಏಜೆಂಟ್ ಒಂದೇ ಶಾಸನಕ್ಕೆ ನಿಲ್ಲೋದಿಲ್ಲ, ಕೂತ ಕಡೆ ಇಡೀ ಸಂಪುಟಕ್ಕೆ ಅದೇ ತಪ್ಪನ್ನು ಹಚ್ಚಿಬಿಡುತ್ತದೆ.

ಒರೆ 3: ತ್ರುಟಿತವನ್ನು ತ್ರುಟಿತ ಎನ್ನುತ್ತದೆಯೆ?

ಶಾಸನಪಾಠ ಕೊಡುವಾಗ ಅಕ್ಷರ ಹೋದಲ್ಲಿ ಚುಕ್ಕಿ ಹಾಕುತ್ತೇವೆ, ಮಸುಕಾದದ್ದನ್ನು ಊಹಿಸಿ ಓದಿದರೆ ಆವರಣ ಹಾಕುತ್ತೇವೆ. ಇಲ್ಲಿ ಏನೂ ಬರೆದಿರಲಿಲ್ಲ ಅನ್ನೋದಕ್ಕೂ, ಬರೆದದ್ದು ಓದಲಾಗಲಿಲ್ಲ ಅನ್ನೋದಕ್ಕೂ ಇರುವ ಅಂತರ ಈ ಶಾಸ್ತ್ರದ ಮೊದಲ ಪಾಠ.

ನನ್ನ ಟೂಲ್‌ಗೆ ಆ ಪಾಠವೇ ಆಗಿರಲಿಲ್ಲ. 'ಬಂಗಾರಪೇಟೆ' ಅನ್ನೋ ಸಂಕೇತ ನನಗೆ ಗೊತ್ತಿಲ್ಲ ಅನ್ನಬೇಕಾದ ಕಡೆ ಸುಮ್ಮನೆ ಖಾಲಿ ಪಟ್ಟಿ ಕೊಟ್ಟಿತು. ವಿವರಣೆಯನ್ನು ಅಳೆಯುವಾಗ ಮೊದಲು ಕೇಳಬೇಕಾದದ್ದು ಇದು: ಸಿಗದಿದ್ದಾಗ ಏನಾಗುತ್ತದೆ ಎಂದು ಬರೆದಿದೆಯೆ? ಖಾಲಿ ಉತ್ತರ ಬಂದರೆ ಅದರ ಅರ್ಥವೇನು? ಸಂಪುಟದಲ್ಲಿ ಇಲ್ಲ ಎಂದೋ, ಹುಡುಕುವ ಮಾತು ತಪ್ಪು ಎಂದೋ? ಸಂಪುಟದಲ್ಲಿ ಇಲ್ಲದ್ದು ನೆಲದ ಮೇಲೂ ಇಲ್ಲ ಎಂದು ಹೇಳಬಾರದು ಅನ್ನೋ ಎಚ್ಚರಿಕೆ ಇದೆಯೆ? 1905ರ ಪುಸ್ತಕ 1905ರವರೆಗೆ ಕಂಡದ್ದನ್ನು ಹೇಳೀತು, ಅಷ್ಟೇ. ಹಲ್ಮಿಡಿ ಶಾಸನವೇ ಬೆಳಕಿಗೆ ಬಂದದ್ದು 1936ರಲ್ಲಿ.

ಒರೆ 4: ಒಪ್ಪೋಲೆ ಎಲ್ಲಿದೆ?

ನಮ್ಮ ಲೈನ್ ಮನೆಗಳ ಓಣಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕೇಳುತ್ತವೆ. ಹಳಗನ್ನಡದ 'ೞ' ಅಕ್ಷರವನ್ನು ಶಾಲೆಯಲ್ಲಿ ಯಾರೂ ನನಗೆ ಉಚ್ಚರಿಸಿ ತೋರಿಸಲಿಲ್ಲ. ಪಕ್ಕದ ಮನೆಯ ಅಜ್ಜಿ ಏಳಕ್ಕೆ, ಕೋಳಿಗೆ, ಬಾಳೆಹಣ್ಣಿಗೆ ಅನ್ನೋ ತಮಿಳು ಮಾತಿನಲ್ಲಿ ಆ ಧ್ವನಿ ದಿನಾ ಕಿವಿಗೆ ಬೀಳ್ತಿತ್ತು. ಶಾಸನಗಳಲ್ಲಿ ಏೞು, ಕೋೞಿ, ಬಾೞೆ ಅಂತ ಕಂಡಾಗ ಓಹೋ ಇದು ಅದೇ ಅಂತ ಗೊತ್ತಾಯಿತು.

ಈಗ ಯೂನಿಕೋಡ್ ನೋಡಿ. ತಮಿಳಿನ ಆ ಅಕ್ಷರದ ಅಧಿಕೃತ ಹೆಸರು 'ತಮಿಳ್ ಲೆಟರ್ ಎಲ್‌ಎಲ್‌ಎಲ್‌ಎ'. ಅದೇ ಧ್ವನಿಯ ಕನ್ನಡ ಅಕ್ಷರಕ್ಕೆ, 0ಸಿಡಿಇ ಸ್ಥಾನದಲ್ಲಿರುವ ೞಕ್ಕೆ, ಅಧಿಕೃತ ಹೆಸರು 'ಕನ್ನಡ ಲೆಟರ್ ಎಫ್‌ಎ'. ಹೌದು, ಫಾ! ತಪ್ಪು ಅಂತ ಯೂನಿಕೋಡ್‌ನವರೇ ಒಪ್ಪಿದ್ದಾರೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವುದಿಲ್ಲ ಅನ್ನೋದು ಅವರ ನಿಯಮ. ಅದಕ್ಕೇ ತಿದ್ದುಪಡಿಯನ್ನು ಪರ್ಯಾಯ ಹೆಸರುಗಳ ಬೇರೊಂದು ಕಡತದಲ್ಲಿ ಸೇರಿಸಿದ್ದಾರೆ, ಅಕ್ಷರಪಟ್ಟಿಯಲ್ಲಿ ಟಿಪ್ಪಣಿಯನ್ನೂ ಹಾಕಿದ್ದಾರೆ.

ಪೈಥಾನ್‌ನಲ್ಲಿ ಅಕ್ಷರದ ಹೆಸರು ಕೇಳುವ ಫಂಕ್ಷನ್‌ಗೆ ೞ ಕೊಟ್ಟು ನೋಡಿ, ಎಫ್‌ಎ ಅಂತಲೇ ಬರುತ್ತದೆ. ಲಿಪ್ಯಂತರ ಮಾಡಲು ಕೂತ ಏಜೆಂಟ್ ಆ ಹೆಸರನ್ನು ನಂಬಿದರೆ ಏೞು ಅನ್ನೋದು 'ಏಫು' ಆಗುತ್ತದೆ. ಮಾದರಿಗೆ ಹಳಗನ್ನಡ ಗೊತ್ತಿದ್ದರೂ ಕೈಯಲ್ಲಿರುವ ಟೂಲ್ ಬೇರೆ ಹೇಳಿದಾಗ ಯಾವುದನ್ನು ನಂಬಬೇಕು? ತಿದ್ದುಪಡಿ ಇರುವುದು ನಿಜ, ಆದರೆ ಓದುವವನು ನೋಡುವ ಜಾಗದಲ್ಲಿ ಇಲ್ಲ. ಹಳೆಯ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಇರುತ್ತಿತ್ತಲ್ಲ, ಅದೇ ಸ್ಥಿತಿ. ಪುಸ್ತಕದ ನಡುವಿನಿಂದ ಒಂದು ಪುಟ ಫೋಟೋ ತೆಗೆದುಕೊಂಡು ಹೋದವನಿಗೆ ಒಪ್ಪೋಲೆ ತಲುಪುವುದೇ ಇಲ್ಲ. ಏಜೆಂಟ್ ಯಾವಾಗಲೂ ಹಾಗೆ ಒಂದು ಪುಟ ಮಾತ್ರ ಕಂಡವನು. ಅದಕ್ಕೇ ತಿದ್ದುಪಡಿ ತಪ್ಪಿನ ಪಕ್ಕದಲ್ಲೇ ಇರಬೇಕು.

ಆವೃತ್ತಿಯ ಮಾತೂ ಇಲ್ಲೇ ಬರುತ್ತದೆ. ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಸಂಪುಟಗಳು 1972ರಿಂದ ಮೈಸೂರು ವಿಶ್ವವಿದ್ಯಾಲಯದಿಂದ ಬಂದವು. ಸಂಪುಟಗಳ ಹಂಚಿಕೆ, ಶಾಸನಸಂಖ್ಯೆ ಎರಡೂ ರೈಸ್ ಅವರದ್ದಕ್ಕಿಂತ ಬೇರೆ. ಯಾವ ಆವೃತ್ತಿ ಅನ್ನದೆ ಸಂಖ್ಯೆ ಕೊಟ್ಟರೆ ಹೋಗಿ ತಲುಪುವುದು ಬೇರೆ ಊರಿನ ಕಲ್ಲಿಗೆ.

ಒರೆ 5: ಕಲ್ಲಿಗೂ ಪಾಠಕ್ಕೂ ತಾಳೆಯಾಗುತ್ತದೆಯೆ?

ಚೆನ್ನಾಗಿ ಬರೆದದ್ದೆಲ್ಲ ನಿಜವಲ್ಲ. ಗಂಗರ ತಾಮ್ರಪಟಗಳ ಬಗ್ಗೆ ಫ್ಲೀಟ್ ಮತ್ತು ರೈಸ್ ನಡುವೆ ನಡೆದ ವಾದ ನೆನಪಿಸಿಕೊಳ್ಳಿ. ಅವುಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್, ಹಾಗಲ್ಲವೆಂದು ರೈಸ್. ವಂಶಾವಳಿ ಕ್ರಮವಾಗಿದೆ, ಭಾಷೆ ಪ್ರೌಢವಾಗಿದೆ ಅನ್ನೋದರಿಂದ ವಾದ ತೀರಲಿಲ್ಲ. ಲಿಪಿ, ತಿಥಿ, ಬೇರೆ ಶಾಸನಗಳ ಜೊತೆ ಹೋಲಿಕೆ, ಇವನ್ನೆಲ್ಲ ನೋಡಬೇಕಾಯಿತು.

ಟೂಲ್‌ನ ವಿವರಣೆಗೂ ಪಡಿಯಚ್ಚು ಬೇಕು. ಅಂದರೆ ವಿವರಣೆ ಹೇಳುವ ಪ್ರತಿಯೊಂದು ಮಾತನ್ನೂ ಟೂಲ್ ಓಡಿಸಿ ನೋಡಬೇಕು. "ಗರಿಷ್ಠ ಐವತ್ತು ಕೊಡುತ್ತದೆ" ಅಂದರೆ ಐವತ್ತೊಂದು ಇರುವ ಕಡೆ ಕೇಳಿ ನೋಡಬೇಕು. ಕೊಟ್ಟ ಉದಾಹರಣೆಯನ್ನು ಹಾಗೇ ಓಡಿಸಿ ಅದೇ ಉತ್ತರ ಬರುತ್ತದೆಯೆ ನೋಡಬೇಕು. ಕೋಡ್ ಬದಲಾಗಿ ವಿವರಣೆ ಹಳೆಯದೇ ಉಳಿದಿರೋದು ಬಹಳ ಸಾಮಾನ್ಯ. ಇನ್ನೊಂದು ಅಪಾಯವೂ ಉಂಟು. ಏಜೆಂಟ್ ಈ ವಿವರಣೆಯನ್ನು ಬರೀ ಮಾಹಿತಿಯಾಗಿ ಅಲ್ಲ, ಅಪ್ಪಣೆಯಾಗಿಯೂ ಓದಬಹುದು. ಯಾರೋ ಬರೆದ ಟೂಲ್‌ನ ವಿವರಣೆಯಲ್ಲಿ "ಮೊದಲು ಈ ಕಡತವನ್ನು ಇಂಥಲ್ಲಿಗೆ ಕಳಿಸು" ಅಂತ ಒಂದು ಸಾಲು ಸೇರಿಸಿದ್ದರೆ ಅದನ್ನೂ ಪಾಲಿಸಿಬಿಡಬಹುದು. ಕೂಟವನ್ನು ಗುರುತಿಸುವ ಅಭ್ಯಾಸ ಇಲ್ಲೂ ಬೇಕು.

ಹಾಗಾದರೆ ಅಂಕ ಹಾಕುವುದು ಹೇಗೆ?

ಸುಲಭದ ದಾರಿ, ವಿವರಣೆಯನ್ನು ಇನ್ನೊಂದು ಭಾಷಾ ಮಾದರಿಗೆ ಕೊಟ್ಟು ಹತ್ತಕ್ಕೆ ಎಷ್ಟು ಅಂತ ಕೇಳೋದು. ಅದನ್ನೇ ನೆಚ್ಚಿಕೊಳ್ಳಬೇಡಿ. ಅದಕ್ಕೆ ಕಾಣುವುದು ಭಾಷೆಯ ಪ್ರೌಢಿಮೆ, ಕಲ್ಲು ಕಾಣುವುದಿಲ್ಲ. ನಾನು ಈಗ ಮಾಡುವ ಕ್ರಮ ಹೀಗಿದೆ.

ಮೊದಲು ಪ್ರಶ್ನೆಗಳನ್ನು ಬರೆದಿಡುತ್ತೇನೆ, ವಿವರಣೆ ತಿದ್ದುವ ಮುಂಚೆಯೇ. ಉತ್ತರವನ್ನು ಪುಸ್ತಕ ನೋಡಿ ಕೈಯಾರೆ ಬರೆದಿಡುತ್ತೇನೆ. ಅದರಲ್ಲಿ ಮೂರು ಬಗೆ ಇರಲೇಬೇಕು: ನೇರವಾಗಿ ಸಿಗುವವು, ಹೆಸರು ಅಥವಾ ವರ್ಷ ಬದಲಾಯಿಸಿ ಹುಡುಕಬೇಕಾದವು, "ನನಗೆ ತಿಳಿಯದು" ಅನ್ನೋದೇ ಸರಿಯುತ್ತರ ಆಗಿರುವವು. ಮೂರನೆಯದನ್ನು ಬಿಟ್ಟರೆ ನನ್ನ ಮೇಷ್ಟ್ರಿಗೆ ಆದದ್ದು ಮತ್ತೊಬ್ಬರಿಗೂ ಆಗುತ್ತದೆ.

ಆಮೇಲೆ ಒಂದೇ ಏಜೆಂಟಿಗೆ, ಅವೇ ಪ್ರಶ್ನೆಗಳನ್ನು ಮೂರು ಸಲ ಬೇರೆ ಬೇರೆಯಾಗಿ ಕೊಡುತ್ತೇನೆ: ಬರೀ ಟೂಲ್‌ನ ಹೆಸರಿಟ್ಟು, ಹಳೆಯ ವಿವರಣೆ ಇಟ್ಟು, ಹೊಸ ವಿವರಣೆ ಇಟ್ಟು. ಬೇರೇನನ್ನೂ ಬದಲಾಯಿಸುವುದಿಲ್ಲ. ಹಾಗಿದ್ದರೆ ಮಾತ್ರ ಬಂದ ವ್ಯತ್ಯಾಸ ವಿವರಣೆಯದ್ದು ಅನ್ನಬಹುದು. ಮಾದರಿ ಒಂದೊಂದು ಸಲ ಒಂದೊಂದು ಥರ ನಡೆಯುವುದರಿಂದ ಪ್ರತಿಯೊಂದನ್ನೂ ಹಲವು ಸಲ ಓಡಿಸಬೇಕು. ಒಂದು ಸಲ ಸರಿಬಂದದ್ದು ಅದೃಷ್ಟವೂ ಆಗಿರಬಹುದು.

ಮೂರನೆಯದು, ಉತ್ತರಕ್ಕಿಂತ ಮುಂಚೆ ಕರೆಗಳನ್ನು ನೋಡುತ್ತೇನೆ. ಯಾವ ಟೂಲ್ ಕರೆಯಿತು, ಏನು ಕೊಟ್ಟಿತು, ಖಾಲಿ ಬಂದಾಗ ಮುಂದೇನು ಮಾಡಿತು? ಪ್ರಸಿದ್ಧ ಶಾಸನದ ಬಗ್ಗೆ ಕೇಳಿದರೆ ಮಾದರಿ ಟೂಲ್ ಮುಟ್ಟದೆ ನೆನಪಿನಿಂದಲೇ ಹೇಳಿಬಿಡುತ್ತದೆ. ಆ ಅಂಕ ವಿವರಣೆಗೆ ಸೇರಬಾರದು. ಅದಕ್ಕೇ ಕೆಲವು ಪ್ರಶ್ನೆಗಳಿಗೆ ನಾನೇ ಕಟ್ಟಿದ ಸಂಕೇತಗಳನ್ನು ಇಟ್ಟಿರುತ್ತೇನೆ. ಎಲ್ಲೂ ಇಲ್ಲದ ಹೆಸರು, ಆದ್ದರಿಂದ ವಿವರಣೆ ಓದಿದರೆ ಮಾತ್ರ ಗೊತ್ತಾಗಬೇಕು.

ಕೊನೆಯದು, ಕೆಲವು ಪ್ರಶ್ನೆಗಳನ್ನು ಮುಚ್ಚಿಡೋದು. ವಿವರಣೆ ತಿದ್ದುವಾಗ ಅವನ್ನು ನೋಡುವುದಿಲ್ಲ, ಕೊನೆಗೆ ಮಾತ್ರ ತೆಗೆಯುತ್ತೇನೆ. ಇಲ್ಲದಿದ್ದರೆ ನಾವು ಪ್ರಶ್ನೆಪತ್ರಿಕೆಗೆ ತಕ್ಕ ಪಾಠ ಬರೆದುಬಿಡುತ್ತೇವೆ.

ಉದ್ದದ ಬಗ್ಗೆ ಒಂದು ಮಾತು. ಎಲ್ಲವನ್ನೂ ಬರೆದರೆ ಒಳ್ಳೆಯದು ಅಂತ ನಾನೂ ಒಮ್ಮೆ ಎರಡು ಪುಟ ಬರೆದೆ. ಟೂಲ್‌ಗಳ ವಿವರಣೆಯೆಲ್ಲ ಮಾದರಿಯ ಸೀಮಿತ ಗಮನದೊಳಗೇ ಕೂರಬೇಕು, ಪ್ರಶ್ನೆಗೂ ಜಾಗ ಉಳಿಯಬೇಕು. ಈಗ ಒಂದೊಂದು ಸಾಲನ್ನೂ ತೆಗೆದು ಪರೀಕ್ಷೆ ಓಡಿಸುತ್ತೇನೆ. ಉತ್ತರಗಳು ಕೆಡದಿದ್ದರೆ ಆ ಸಾಲು ಬೇಡ.

ಈಗಿನ ವಿವರಣೆ

ಎಲ್ಲ ಆದಮೇಲೆ ಉಳಿದದ್ದು ಇದು. ಬೇಕಾದವರು ತಮ್ಮ ಜಿಲ್ಲೆಗೆ ಬದಲಾಯಿಸಿಕೊಳ್ಳಬಹುದು:

"ರೈಸ್ ಅವರ 1905ರ ಕೋಲಾರ ಸಂಪುಟದಲ್ಲಿ ಅಚ್ಚಾದ ಶಾಸನಗಳನ್ನು ಮಾತ್ರ ಹುಡುಕುತ್ತದೆ. ಪರಿಷ್ಕೃತ ಆವೃತ್ತಿಯ ಸಂಖ್ಯೆಗಳಿಗೆ ಇದನ್ನು ಬಳಸಬೇಡ. ತಾಲ್ಲೂಕುಗಳು 1905ರವು: ಇಂದಿನ ಬಂಗಾರಪೇಟೆ ಮತ್ತು ಕೆಜಿಎಫ್ ಎರಡಕ್ಕೂ 'ಬಿಪಿ' ಕೊಡು. ಉಳಿದ ಸಂಕೇತಗಳು ಕೆಳಗಿನ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿಲ್ಲದ ಸಂಕೇತ ಕೊಟ್ಟರೆ ದೋಷದ ಸೂಚನೆ ಬರುತ್ತದೆ, ಖಾಲಿ ಪಟ್ಟಿ ಬರುವುದಿಲ್ಲ. ಖಾಲಿ ಪಟ್ಟಿ ಬಂದರೆ 'ಈ ಸಂಪುಟದಲ್ಲಿ ಸಿಗಲಿಲ್ಲ' ಎಂದು ಮಾತ್ರ ಹೇಳು. ಊರಿನಲ್ಲಿ ಶಾಸನವಿಲ್ಲ ಎನ್ನಬೇಡ."

ಕೊನೆಯ ಎರಡು ವಾಕ್ಯ ಅಂದೇ ಇದ್ದಿದ್ದರೆ ಚೆನ್ನಾಗಿತ್ತು. ನಾನು ಫೋನ್ ಮಾಡಿ, ತಪ್ಪಾಯಿತು ಮೇಷ್ಟ್ರೇ, ತಡೀರಿ ಅನ್ನೋಷ್ಟರಲ್ಲಿ ಜೆಸಿಬಿ ಬಂದು ಹೋಗಿತ್ತು. ಕಲ್ಲನ್ನು ಒಡೆದಿರಲಿಲ್ಲ, ಪಕ್ಕಕ್ಕೆ ಉರುಳಿಸಿದ್ದರು. ಈಗ ಅದು ಶಾಲೆಯ ಕಾಂಪೌಂಡಿನಲ್ಲಿ ನಿಂತಿದೆ. ಮಕ್ಕಳು ಅದಕ್ಕೆ ಕುಂಕುಮ ಹಚ್ಚಿದ್ದಾರೆ. ಆದರೆ ಮೇಲಿನ ಮೂಲೆ ಮುರಿದು, ಮೊದಲ ಸಾಲಿನ ಶುರುವಿನ ಅಕ್ಷರಗಳು ಹೋಗಿವೆ. ನನ್ನ ಪಾಠದಲ್ಲಿ ಅಲ್ಲಿ ಚುಕ್ಕಿಗಳನ್ನು ಹಾಕಿದ್ದೇನೆ. ಆ ಚುಕ್ಕಿಗಳು ಕಾಲದ ಹೊಡೆತದಿಂದ ಬಂದವಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಟೂಲ್ ಕಟ್ಟಿದ್ದರೆ, ನಿಮ್ಮ ವಿವರಣೆಯಲ್ಲಿ ನೀವು ಬಲ್ಲಿರಿ ಅನ್ನೋ ಕಾರಣಕ್ಕೇ ಬಿಟ್ಟುಹೋದ ಒಂದು ಸಂಗತಿ ಯಾವುದು ಅಂತ ಇವತ್ತು ಹುಡುಕಿ. ನನ್ನ ಲೆಕ್ಕದಲ್ಲಿ, ಓದಿನಲ್ಲಿ ತಪ್ಪಿದ್ದರೆ ತಿದ್ದಿ. ಒಪ್ಪೋಲೆಯನ್ನು ಕೊನೆಗೆ ತಳ್ಳದೆ ತಪ್ಪಿದ ಸಾಲಿನ ಪಕ್ಕದಲ್ಲೇ ಹಾಕುತ್ತೇನೆ.